ಹಾಡು ಅಡಗಿಸಲು ಹೊರಟ ಕಪ್ಪೆ

ದಟ್ಟ ಕಾಡಿನ ನಡುವೆ ಒಂದು ಕೆರೆಯಿತ್ತು ಮಕ್ಕಳೇ. ತುಂಬಿಸಿದ್ದು ಮಳೆ, ಯಜಮಾನಿಕೆ ಮಾತ್ರ ಗರಗಸನೆಂಬ ಮೊಸಳೆಯದು. ನೀರಿಗೆ ಬರುವ ಪ್ರತಿ ಹಿಂಡೂ ಅವನಿಗೊಂದು ಮರಿ ಒಪ್ಪಿಸಬೇಕು. ಅವನ ಹೊಟ್ಟೆ ಹಾಳಾಗ!

ದಂಡೆಯ ಕಪ್ಪೆಗಳ ಮೇಳಕ್ಕೆ ವಟರಾಯ ಮುಂದಾಳು. ಅವನು ಒಂದು ಸೊಲ್ಲು ಎತ್ತಿದರೆ ಉಳಿದ ಕಪ್ಪೆಗಳೆಲ್ಲ ಅದನ್ನೇ ಹಿಡಿದು ಕೂಗುತ್ತಿದ್ದವು. ಹಿಂದಿನಿಂದಲೂ ಕಪ್ಪೆಗಳ ಪದ್ಧತಿ ಅದು.

ಒಂದು ದಿನ ಮತ್ತಿಮರದಲ್ಲಿ ಕೂತು ಗೊರವಂಕ ಹಕ್ಕಿಯೊಬ್ಬಳು ತಾನೇ ಕಟ್ಟಿದ ಹಾಡು ಹಾಡಿದಳು:

"ಮುಗಿಲು ಸುರಿದ ನೀರಿಗೆ
ಒಡೆಯನೆಂಬವ ಯಾರು?
ಬಾಯಾರಿದವನೇ, ಬಾರೋ,
ಹೆದರದೆ ಬಗ್ಗಿ ಹೀರು!"

ಜಿಂಕೆಗಳು ಮೇವು ಬಿಟ್ಟು ಕೇಳಿದವು. ವಟರಾಯನ ಕಡೆ ಒಬ್ಬರೂ ತಿರುಗಲಿಲ್ಲ. ಹೊಟ್ಟೆಕಿಚ್ಚು ತಡೆಯಲಾರದೆ ಅವನು ನೇರ ಗರಗಸನ ಬಳಿ ಹೋದ.

"ಒಡೆಯಾ, ಆ ಹಕ್ಕಿ ನಿಮ್ಮ ಬುಡಕ್ಕೇ ಕೊಡಲಿ ಹಾಕುತ್ತಿದ್ದಾಳೆ. ದಿನಾ ಮಧ್ಯಾಹ್ನ ಆ ಬಂಡೆಯ ಪಕ್ಕ ನೀರು ಕುಡಿಯುತ್ತಾಳೆ."

ಮರುದಿನ ಗೊರವಂಕ ಕೊಕ್ಕು ಬಗ್ಗಿಸಿದ್ದೇ ತಡ, ಮೊಸಳೆಯ ಬಾಯಿ ಮುಚ್ಚಿತು. ನಾಲ್ಕು ಪುಕ್ಕ ತೇಲಿದವು, ಅಷ್ಟೇ.

"ಇನ್ನು ಆ ಹಾಡು ಯಾರ ಬಾಯಲ್ಲೂ ಬರಕೂಡದು. ಡಂಗುರ ಸಾರು!" ಎಂದ ಗರಗಸ.

ವಟರಾಯ ಬಂಡೆಯೇರಿ ಕೂಗಿದ: "ಕೇಳ್ರಪ್ಪೋ ಕೇಳಿ! ಆ ಹಾಡು ಹಾಡಿದರೆ ಸಾವು!"

"ಯಾವ ಹಾಡು ಮಾರಾಯ? ಗೊತ್ತಿಲ್ಲದೆ ಬಾಯಿಗೆ ಬಂದುಬಿಟ್ಟರೆ?" ಎಂದ ಮುಳ್ಳುಹಂದಿ.

"ಇದೇ ಕಣಯ್ಯಾ!" ಎಂದು ವಟರಾಯ ಪೂರ್ತಿ ಹಾಡಿ ತೋರಿಸಿದ.

ಅಯ್ಯೋ ಪೆದ್ದೇ! ಮುಂದಾಳು ಎತ್ತಿದ ಸೊಲ್ಲನ್ನು ಮೇಳ ಬಿಟ್ಟೀತೇ? ದಂಡೆಯ ಕಪ್ಪೆಗಳೆಲ್ಲ ಹಾಡತೊಡಗಿದವು. ಅದನ್ನು ಕೇಳಿ ಆಚೆ ಹಳ್ಳದವು, ಅದರಾಚೆಯ ಹೊಂಡದವು. "ನಿಲ್ಲಿಸ್ರೋ!" ಎಂದು ವಟರಾಯ ಬಾಯಿ ಬಡಿದುಕೊಂಡ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಹಾಡು ಕೇಳಿ ಧೈರ್ಯಗೊಂಡ ಹಿಂಡುಗಳೆಲ್ಲ ಒಟ್ಟಾಗಿ ನೀರಿಗಿಳಿದವು. ಒಂದು ಮರಿಯನ್ನೂ ಒಪ್ಪಿಸಲಿಲ್ಲ.

ಗರಗಸ ಕೆರಳಿ ವಟರಾಯನ ಮೇಲೆಯೇ ನುಗ್ಗಿದ. ಜೀವ ಉಳಿದರೆ ಸಾಕೆಂದು ವಟರಾಯ ಕಾಡು ದಾಟಿ, ಮೂರು ದಿನ ಕುಪ್ಪಳಿಸಿ, ಗುರುತಿಲ್ಲದ ಹೊಂಡವೊಂದನ್ನು ಸೇರಿದ. ಅಲ್ಲೂ ಅದೇ ಹಾಡು!

ಅಲ್ಲಿನ ಮುದಿ ಕಪ್ಪೆ ಅಕ್ಕರೆಯಿಂದ ಕೇಳಿತು: "ಈ ಹಾಡು ನಿಮ್ಮ ಕಡೆಯದಂತೆ, ಹೌದೇನಪ್ಪ? ಕಟ್ಟಿದವರು ಯಾರು? ಚೆನ್ನಾಗಿದ್ದಾರಾ?"

ವಟರಾಯ ಒಳಗೇ ಲೆಕ್ಕ ಹಾಕಿದ: ಹೆಸರು ಹೇಳಿದರೆ ಸತ್ತದ್ದು ಹೇಗೆಂದು ಕೇಳುತ್ತಾರೆ.

"ನನಗೇನು ಗೊತ್ತಜ್ಜ" ಎಂದ.

"ಹೋಗಲಿ ಬಿಡು. ಯಾರೋ ಪುಣ್ಯವಂತರು, ಎಲ್ಲಿದ್ದರೂ ತಣ್ಣಗಿರಲಿ. ನಿನಗೆ ಹಾಡು ಬರುತ್ತದಲ್ಲ, ನೀನೇ ಸೊಲ್ಲೆತ್ತು!"

ಸುತ್ತ ಕಪ್ಪೆಗಳು ಕಾದು ಕೂತಿದ್ದವು. ವಟರಾಯ ಹಾಡಿದ. ಅಂದು ಮಾತ್ರವಲ್ಲ, ಸಾಯುವ ತನಕ ದಿನಾ ಹಾಡಿದ.

ನೀತಿ: ಹಾಡಿದವಳನ್ನು ಕೊಲ್ಲಬಹುದು, ಹಾಡನ್ನು ಕೊಲ್ಲಲಾಗದು, ಕೊಲ್ಲಿಸಿದವನ ಬಾಯಲ್ಲೂ ಅದು ಬದುಕುತ್ತದೆ.