ಹೊರಗಿನ ಅಗುಳಿ

"ಗುರುಗಳೇ, ರಾಜಧಾನಿಯಲ್ಲಿ ಅರಸ ಇದ್ದೂ ಇಲ್ಲದಂತಾಗಿರುವಾಗ, ಕತ್ತಿ ಹಿಡಿದು ಕಾಯುತ್ತೇನೆಂದು ಬಂದವನ ಕೈಗೆ ಊರನ್ನು ಒಪ್ಪಿಸಿದರೆ ತಪ್ಪೇ?" ಎಂದು ಶಿಷ್ಯ ಹಾಲಪ್ಪ ಕೇಳಿದ. ಬೆಳಗಿನ ಪಾಠಕ್ಕೆ ಬರಬೇಕಾದವನು ಅಂದು ಮಧ್ಯಾಹ್ನ ಬಂದಿದ್ದ. ತನ್ನೂರ ಕೋಟೆಯ ಬಾಗಿಲು ತೆರೆಯುವುದು ತಡವಾಯಿತು ಎಂದಿದ್ದ. ಗುರುಗಳು ಕತೆ ಹೇಳಿದರು.

ಒಂದು ಊರಲ್ಲಿ ಒಬ್ಬ ಬಡಗಿಯಿದ್ದ. ಕೋಟೆಯ ಬಾಗಿಲು ಅವನದೇ ಕೈಕೆಲಸ. ಆಗ ಅರಸನ ಮಕ್ಕಳು ಸಿಂಹಾಸನಕ್ಕಾಗಿ ಹೊಡೆದಾಡುತ್ತಿದ್ದರು. ದಾರಿಯ ಕಾವಲು ತಪ್ಪಿತು, ದರೋಡೆಕೋರರಿಗೆ ಸುಗ್ಗಿಯಾಯಿತು. ಅರಸನ ದಂಡು ಬಿಟ್ಟು ಬಂದ ದಳಪತಿಯೊಬ್ಬ ತನ್ನ ಕುದುರೆಯವರೊಡನೆ ಕೋಟೆಯ ಹೊರಗೆ ಡೇರೆ ಹಾಕಿದ. ದರೋಡೆ ನಿಂತಿತು. ಊರಿಗೆ ಹೋದ ಜೀವ ಬಂದಂತಾಯಿತು.

ಒಂದು ದಿನ ದಳಪತಿ ಬಡಗಿಯನ್ನು ಕರೆಸಿ, "ಬಾಗಿಲ ಅಗುಳಿಯನ್ನು ಒಳಗಿಂದ ಕಿತ್ತು ಹೊರಗಡೆ ಕೂರಿಸು" ಎಂದ.

ಬಡಗಿ ಕೈಮುಗಿದ. "ಒಡೆಯಾ, ಅಗುಳಿ ಒಳಗಿರುವುದಲ್ಲವೇ ವಾಡಿಕೆ?"

"ಕಾಯುವವರು ನಾವು ಹೊರಗಿದ್ದೇವೆ. ನೀವು ಎದ್ದು ಬಾಗಿಲು ಹಾಕುವ ಕಷ್ಟವೇಕೆ? ಹಾಯಾಗಿ ಮಲಗಿ."

ಬಡಗಿ ಹಿರಿಯರ ಬಳಿ ಓಡಿದ. ಜೀವ ಉಳಿಸಿದವನನ್ನೇ ಅನುಮಾನಿಸುತ್ತೀಯಾ ಎಂದು ಅವರು ಗದರಿದರು. ತಿರುಗಿ ಬಂದು ಅಗುಳಿ ಕಿತ್ತ. ಮನಸ್ಸು ಒಪ್ಪಿರಲಿಲ್ಲ. ಆದರೂ ಕೆಲಸ ಕೆಡಿಸುವುದು ಆ ಕೈಗೆ ಗೊತ್ತಿರಲಿಲ್ಲ. ಕೂದಲೆಳೆಯಷ್ಟೂ ಸಂದಿಲ್ಲದಂತೆ ಹೊರಗೆ ಕೂರಿಸಿದ. ಪಾಪ, ಒಳ್ಳೆಯ ಬಡಗಿ.

ಅಂದಿನಿಂದ ಸಂಜೆ ಹೊರಗೆ ಅಗುಳಿ ಸರಿಯುವ ಸದ್ದು ಕೇಳಿದರೆ ಅವನು ಉಣ್ಣುವುದನ್ನು ಬಿಟ್ಟು ಏಳುತ್ತಿದ್ದ. ಮೊದಮೊದಲು ದಳಪತಿ ಎದ್ದ ಮೇಲೆ ಬಾಗಿಲು ತೆರೆಯುತ್ತಿತ್ತು. ಆಮೇಲೆ ಅವನಿಗೆ ಮನಸ್ಸು ಬಂದಾಗ ತೆರೆಯುತ್ತಿತ್ತು. ಪೈರು ಕೊಯ್ಲಿಗೆ ಬಂದಾಗ ಪೈರು ಹೊರಗಿತ್ತು, ಬೆಳೆದವರು ಒಳಗಿದ್ದರು. ಕೊನೆಗೆ ದಳಪತಿ ಪಕ್ಕದ ಸೀಮೆಯ ಮೇಲೆ ದಂಡೆತ್ತಿ ಹೊರಟ. ಮನೆಗೊಬ್ಬ ಆಳು ಬೇಕೆಂದ. ಬಡಗಿಗೆ ಇದ್ದವನು ಒಬ್ಬನೇ ಮಗ. ಅವನನ್ನು ಎಳೆದೊಯ್ದರು. ಬಡಗಿ ಹಿಂದೆಯೇ ಓಡಿದ. ಬಾಗಿಲು ಮುಚ್ಚಿತು, ಅಗುಳಿ ಬಿತ್ತು. ಭುಜ ಕೊಟ್ಟು ನೂಕಿದ, ಹಣೆ ಚಚ್ಚಿಕೊಂಡ. ಬಾಗಿಲು ಅಲುಗಲಿಲ್ಲ. ಅದು ಅಲುಗುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಗುರುಗಳು ಕತೆ ನಿಲ್ಲಿಸಿದರು. ಹಾಲಪ್ಪ ಬೆವರು ಒರೆಸಿಕೊಂಡು, "ನಮ್ಮೂರಿಗೆ ಬಂದಿರುವವನು ಅಂಥವನಲ್ಲ, ಗುರುಗಳೇ. ಊರನ್ನು ಒಪ್ಪಿಸುವುದೋ ಬೇಡವೋ ಎಂದು ಹಿರಿಯರು ನಾಳೆ ಕೂತು ತೀರ್ಮಾನಿಸುತ್ತಾರೆ" ಎಂದ.

"ಹಾಗಾದರೆ ಇವತ್ತು ಬಾಗಿಲನ್ನು ತಡವಾಗಿ ತೆರೆದವರು ಯಾರಪ್ಪಾ?"