ಎಂಟೇ ಗುಲಗಂಜಿ

ಹೊಳೆಯ ದಂಡೆಯ ಆಶ್ರಮದಲ್ಲಿ ಮುರಿಗೆಯ್ಯನವರು ಹತ್ತಾರು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅವರ ಶಿಷ್ಯೆ ಹೈಮವತಿಗೆ ಒಂದು ಕೆಲಸವಿತ್ತು. ಋತು ಬದಲಾದಾಗಲೆಲ್ಲ ಆ ಋತುವಿನ ಎಲೆ, ಕಾಯಿ, ಗರಿಗಳನ್ನು ತಂದು, ಮಕ್ಕಳು ನೋಡಲೆಂದು ಜಗಲಿಯ ಹಲಗೆಯ ಮೇಲೆ ಜೋಡಿಸಬೇಕು.

ಆ ಸಲ ಚಳಿ ಮುಗಿಯುತ್ತಿತ್ತು. ಅವಳು ಒಣಗಿದ ಮುತ್ತುಗದ ಎಲೆ ತಂದಳು, ಗೀಜಗನ ಖಾಲಿ ಗೂಡು ತಂದಳು. ಎಲ್ಲ ಕಂದುಬಣ್ಣವೇ ಆಯಿತೆನಿಸಿ, ತೆಂಗಿನ ಚಿಪ್ಪಿನಲ್ಲಿ ಒಂಬತ್ತು ಕೆಂಪು ಗುಲಗಂಜಿಯನ್ನೂ ಇಟ್ಟಳು. ಅಗಿದು ನುಂಗಿದರೆ ಅದು ವಿಷವೆಂದು ಅವಳಿಗೆ ಗೊತ್ತಿತ್ತು. ನೋಡಿಕೊಳ್ಳಲು ತಾನಿದ್ದೇನಲ್ಲ ಎಂದುಕೊಂಡಳು.

ಮರುದಿನ ಊಟದ ಹೊತ್ತಿಗೆ ಎಂಟೇ ಇದ್ದವು.

ಹಲಗೆಯ ಕೆಳಗೆ ನೋಡಿದಳು. ಚಾಪೆ ಕೊಡವಿದಳು. ಅಂಗಳ ಗುಡಿಸಿದಳು. ಸಿಗಲಿಲ್ಲ.

ಒಳಗೆ ನಾಲ್ಕು ವರ್ಷದ ತುಂಗಿ ಊಟ ಬೇಡವೆಂದು ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು.

ಹೈಮವತಿ ಬಾಗಿಲಲ್ಲೇ ನಿಂತಳು. ಕೇಳಿದರೆ ತಾನು ವಿಷದ ಬೀಜ ಇಟ್ಟದ್ದು ಎಲ್ಲರಿಗೂ ತಿಳಿದುಹೋಗುತ್ತದೆ. ಕೇಳದಿದ್ದರೆ? ಅವಳು ಮತ್ತೊಮ್ಮೆ ಅಂಗಳ ಗುಡಿಸಿದಳು.

ಕೊನೆಗೆ ಹೊಳೆಗೆ ಹೋದಳು. ಗುರುಗಳು ಬಟ್ಟೆ ಒಗೆಯುತ್ತಿದ್ದರು.

"ಗುರುಗಳೇ, ಗುಲಗಂಜಿ ತಿಂದವರಿಗೆ ಏನಾಗುತ್ತದೆ?"

"ಯಾವ ಮಗು?" ಎಂದರು ಗುರುಗಳು.

ತುಂಗಿಯ ಹೆಸರು ಕೇಳಿದ್ದೇ ಒಗೆಯುತ್ತಿದ್ದ ಬಟ್ಟೆಯನ್ನು ಕಲ್ಲಿನ ಮೇಲೆಯೇ ಬಿಟ್ಟು ಓಡಿದರು. ವೈದ್ಯರ ಮನೆಗೆ ಹೋಗಲು ಗಾಡಿ ಕಟ್ಟಲು ಹೇಳಿದರು. ತುಂಗಿಯನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡು, ಕೆಂಪು ಬೀಜ ಎಲ್ಲಿ ಹೋಯಿತೆಂದು ಮೆಲ್ಲಗೆ ಕೇಳಿದರು.

ಮಗು ಮೂಲೆಯ ಕಡೆ ಬೆರಳು ತೋರಿಸಿತು. ಅಲ್ಲಿ ಹಸಿಮಣ್ಣಿನ ಹಕ್ಕಿಯೊಂದಿತ್ತು. ಗೂಡು ಖಾಲಿ ಇದೆಯಲ್ಲ, ಅದಕ್ಕೇ ಮಾಡಿದ್ದಂತೆ. ಹಕ್ಕಿಗೆ ಒಂದೇ ಕಣ್ಣು, ಕೆಂಪು ಕಣ್ಣು. ಹೊಟ್ಟೆನೋವು ಬೆಳಿಗ್ಗೆ ಮಡಿಲು ತುಂಬ ತಿಂದ ಎಲಚಿಹಣ್ಣಿನದು.

ಗುರುಗಳು ಆ ಬೀಜವನ್ನು ಕಿತ್ತು ತೆಗೆದರು. ಚಿಪ್ಪಿನಲ್ಲಿದ್ದವುಗಳೊಡನೆ ಸೇರಿಸಿ ಎರಡೆರಡು ಸಲ ಎಣಿಸಿದರು. ಅವರು ಅಷ್ಟು ಹೆದರಿದ್ದನ್ನು ಹೈಮವತಿ ಕಂಡದ್ದು ಅದೇ ಮೊದಲು.

ಒಂಬತ್ತನ್ನೂ ಹಿತ್ತಲ ಗುಂಡಿಯಲ್ಲಿ ಹೂತು ಬಂದ ಮೇಲೆ ಗುರುಗಳು ಕೇಳಿದರು. "ಅಷ್ಟು ಹೊತ್ತು ಯಾರಿಗೆ ಹೆದರಿ ಸುಮ್ಮನಿದ್ದೆ?"

"ನಿಮಗೆ."

"ಮಗುವಿಗಾಗಿ ಹೆದರಲಿಲ್ಲವೇ?"

ಅವಳು ಹಲಗೆಯನ್ನು ತಂದು ಗುರುಗಳ ಮುಂದಿಟ್ಟಳು. "ಇನ್ನು ಈ ಕೆಲಸ ನನ್ನಿಂದಾಗದು. ಹಲಗೆ ನೋಡಿದರೇ ಹೊಟ್ಟೆ ಹಿಡಿದುಕೊಂಡ ತುಂಗಿ ಕಣ್ಣಿಗೆ ಬಂದು ಹೆದರಿಕೆಯಾಗುತ್ತದೆ. ಹೆದರಿಕೆಯಿಲ್ಲದವರಿಗೆ ಇದನ್ನು ಕೊಡಿ" ಎಂದಳು.

ಗುರುಗಳು ಹಲಗೆಯನ್ನು ಒರೆಸಿ ಅವಳ ಮುಂದಿಟ್ಟರು.

"ಹೆದರಿಕೆಯಿಲ್ಲದವರ ಕೈಗೆ ಮಕ್ಕಳನ್ನು ಹೇಗೆ ಕೊಡಲಿ?"