ಮೂರು ಸಲ ಫೇಲಾದ ಬೇಲಿ

ಒಂದು ಕಾಡಿನಲ್ಲಿ ಎಲ್ಲದಕ್ಕೂ ಒಂದೊಂದು ಸಮಿತಿ ಇತ್ತು. ಮಾವು ಹಣ್ಣಾಗಿದೆಯೇ ಎಂದು ನೋಡಲು ಒಂದು, ಸುರಿಯುತ್ತಿರುವುದು ಮಳೆಯೇ ಎಂದು ತೀರ್ಮಾನಿಸಲು ಇನ್ನೊಂದು. ಕಾಡಿನ ರಕ್ಷಣಾ ಸಮಿತಿಗೆ ಗುಡ್ಡಪ್ಪ ಎಂಬ ಆನೆ ಅಧ್ಯಕ್ಷನಾಗಿದ್ದ.

ಪ್ರತಿ ಬೇಸಿಗೆಯಲ್ಲೂ ಆ ಕಾಡಿಗೆ ಸೀಳುನಾಯಿಗಳ ಹಿಂಡು ನುಗ್ಗುತ್ತಿತ್ತು. ಹೋದ ವರ್ಷ ಬೊಟ್ಟಮ್ಮ ಎಂಬ ಜಿಂಕೆಯ ಮರಿಯನ್ನು ಅವು ಕೊಂದಿದ್ದವು. ಈ ವರ್ಷ ಅವಳಿಗೆ ಇನ್ನೊಂದು ಮರಿ ಹುಟ್ಟಿತ್ತು. ಅದಕ್ಕಿನ್ನೂ ಸರಿಯಾಗಿ ಓಡಲು ಬರುತ್ತಿರಲಿಲ್ಲ. ಪಕ್ಕದ ಬಿಲದ ಮುಳ್ಳುಹಂದಿ ಕಂಟಮ್ಮನಿಗೆ ಅದನ್ನು ಕಂಡಾಗಲೆಲ್ಲ ಕರುಳು ಚುರುಕ್ಕೆನ್ನುತ್ತಿತ್ತು. ಅವಳು ಬಿದಿರುಮುಳ್ಳು, ಸೀಗೆಬಳ್ಳಿ ತಂದು, ಉದುರಿದ ತನ್ನ ಮುಳ್ಳುಗಳನ್ನೂ ಸೇರಿಸಿ ಒಂದು ಬೇಲಿ ಹೆಣೆದಳು. ಸಮಿತಿಯ ಮುಂದೆ ಇಟ್ಟಳು.

ಗುಡ್ಡಪ್ಪ ಅದಕ್ಕೆ ಬೆನ್ನು ಕೊಟ್ಟು ಒರಗಿದ. ಬೇಲಿ ಬಾಗಿತು.

"ಆನೆ ಒರಗಿದ್ರೆ ನಿಲ್ಲಲ್ಲ. ಫೇಲು."

"ಸ್ವಾಮಿ, ಬರೋದು ಸೀಳುನಾಯಿ, ಆನೆಯಲ್ಲ."

"ನಿಯಮ ನಿಯಮವೇ ಕಣಮ್ಮ."

ಕಂಟಮ್ಮ ದಪ್ಪ ಬಿದಿರು ಹಾಕಿ ಹೊಸ ಬೇಲಿ ತಂದಳು. ಈ ಸಲ ಅದನ್ನು ಮೊಲ ಎತ್ತಬೇಕು ಎಂದರು. ಮೊಲ ಎತ್ತಲಾರದೆ ಕೆಮ್ಮಿತು. ಫೇಲು. ಹಗುರ ಮಾಡಿ ಮೂರನೆಯದು ತಂದಳು. ಸಮಿತಿಯ ಕರಡಿ ಅದರ ಸುತ್ತ ಒಂದು ಸುತ್ತು ಬಂತು.

"ಎಲ್ಲಾ ಚೆನ್ನಾಗಿದೆ. ಬೇರೆ ಯಾವ ಕಾಡಿನವರು ಇದನ್ನ ಹಾಕಿಸಿಕೊಂಡಿದಾರೆ?"

"ಯಾರೂ ಇಲ್ಲ ಸ್ವಾಮಿ. ಈಗಷ್ಟೇ ಹೆಣೆದದ್ದು."

"ಮತ್ತೆ ನಾವು ಹೇಗಮ್ಮ ನಂಬೋದು?"

ಅದೂ ಫೇಲಾಯಿತು. ಆಗ ಜಂಬಯ್ಯ ಎಂಬ ನರಿ ವಿನಯದಿಂದ ಮುಂದೆ ಬಂದ. "ಫೇಲಾದ ಮಾಲು ದಾರಿಗೆ ಅಡ್ಡ. ಮೂರನ್ನೂ ನಾನೇ ಎಸೆದು ಬರ್ತೀನಿ," ಎಂದು ಎಳೆದುಕೊಂಡು ಹೋದ. ಎಂಥ ಪರೋಪಕಾರಿ ಎಂದು ಎಲ್ಲರೂ ಹೊಗಳಿದರು.

ಮರುದಿನ ಜಂಬಯ್ಯ ಒಂದು ಬಿಳಿ ಗರಿ ಹಿಡಿದು ಬಂದ. "ಇದು ಹಿಮದೇಶದ ಕಾವಲು ಹೆಬ್ಬಾತಿನ ಗರಿ. ಶತ್ರು ಕಂಡರೆ ಅವು ಕೂಗೋ ಕೂಗಿಗೆ ಬೆಟ್ಟ ನಡುಗುತ್ತೆ!"

"ಪರೀಕ್ಷೆ ಯಾವತ್ತು?" ಎಂದು ಕಂಟಮ್ಮ ಕೇಳಿದಳು.

"ವಿದೇಶದಿಂದ ಬಂದವರಿಗೆ ಪರೀಕ್ಷೇನಾ? ಮರ್ಯಾದೆ ಪ್ರಶ್ನೆ ಅಮ್ಮ!"

ಸಮಿತಿ ಗರಿಯನ್ನು ಕೈಯಿಂದ ಕೈಗೆ ದಾಟಿಸಿತು. ಮೆತ್ತಗಿದೆ ಎಂದು ಒಪ್ಪಿಕೊಂಡಿತು. ಕಾಡಿನ ಆ ವರ್ಷದ ಜೇನೆಲ್ಲ ಹೆಬ್ಬಾತುಗಳಿಗೆಂದು ಹೋಯಿತು. ಹೋಗುವ ದಾರಿಯಲ್ಲಿ ಜಂಬಯ್ಯನ ಮೀಸೆಗೂ ಸ್ವಲ್ಪ ಅಂಟಿತು. ಕಂಟಮ್ಮನಿಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಬೇಕು? ಆದರೂ ಮರಿ ಉಳಿದರೆ ಸಾಕು ಎಂದು ಸಮಾಧಾನ ಮಾಡಿಕೊಂಡಳು.

ಹೆಬ್ಬಾತುಗಳು ಬಂದಿಳಿದ ಬೆಳಿಗ್ಗೆ ಬಯಲಿನಲ್ಲಿ ಸ್ವಾಗತ ಸಭೆ ನಡೆಯಿತು. ಜಂಬಯ್ಯನ ಭಾಷಣ ಇನ್ನೂ ಮುಗಿದಿರಲಿಲ್ಲ, ಸೀಳುನಾಯಿಗಳು ಪೊದೆಯಿಂದ ಹೊರಬಂದವು. ಎಲ್ಲರೂ ಹೆಬ್ಬಾತುಗಳ ಕಡೆ ನೋಡಿದರು. ಹಿರಿಯ ಹೆಬ್ಬಾತು ಕತ್ತು ಚಾಚಿ ಕೇಳಿತು:

"ನೀವು ಬಿಳಿ ತೋಳಗಳಾ?"

"ಅಲ್ಲ, ಕೆಂಪು ನಾಯಿಗಳು."

"ಹಾಗಾದ್ರೆ ನಮ್ಮ ಪಟ್ಟಿಯಲ್ಲಿಲ್ಲ. ಬನ್ನಿ, ಬನ್ನಿ."

ಕಂಟಮ್ಮ "ಬೊಟ್ಟಮ್ಮ, ಮರೀನ ಎಬ್ಬಿಸು!" ಎಂದು ಕಿರುಚಿ ಮುಂದೆ ಓಡಿದಳು. ಮರಿ ಎಡವುತ್ತ ಹಿಂದೆ ಬಂತು. ಬಯಲಿನ ಅಂಚಿನಲ್ಲಿ ಜಂಬಯ್ಯನ ಗವಿ ಇತ್ತು. ಅದನ್ನು ನೋಡಿ ಕಂಟಮ್ಮ ಗಕ್ಕನೆ ನಿಂತಳು. ಗವಿಯ ಸುತ್ತ ಮೂರು ಸುತ್ತು ಬೇಲಿ! ತಾನು ಹೆಣೆದದ್ದು ತನಗೆ ಗೊತ್ತಾಗದೇ? ಅವಳು ಗಂಟು ಬಿಚ್ಚಿ ಬಾಗಿಲು ತೆರೆದಳು. ಮರಿ, ಬೊಟ್ಟಮ್ಮ, ಮೊಲಗಳು, ಕೊನೆಗೆ ಕರಡಿ ಸದಸ್ಯರೂ ಒಳಗೆ ನುಗ್ಗಿದರು. ಕಂಟಮ್ಮ ಒಳಗಿನಿಂದ ಮತ್ತೆ ಗಂಟು ಹಾಕಿದಳು.

ಎಲ್ಲರಿಗಿಂತ ಹಿಂದೆ ಜಂಬಯ್ಯ ಓಡಿ ಬಂದ. "ಬಾಗಿಲು ತೆಗಿಯಮ್ಮ! ಅದು ನನ್ನ ಮನೆ!"

"ತೆಗೀತೀನಿ ಜಂಬಯ್ಯನೋರೇ. ಆದರೆ ಇದು ಫೇಲಾದ ಮಾಲು. ಪಾಸಾದ ಹೆಬ್ಬಾತುಗಳು ಅಲ್ಲಿಲ್ವಾ?"

ಹೆಬ್ಬಾತುಗಳು ಆಗಲೇ ಆಕಾಶದಲ್ಲಿದ್ದವು. ಕಂಟಮ್ಮ ಬಾಗಿಲು ತೆಗೆದಳು, ಆದರೆ ಸ್ವಲ್ಪ ನಿಧಾನವಾಗಿ. ಜಂಬಯ್ಯ ಒಳಗೆ ಬಂದ. ಅವನ ಅರ್ಧ ಬಾಲ ಬರಲಿಲ್ಲ. ನಾಯಿಗಳು ಬೇಲಿಗೆ ಮೂತಿ ಹಾಕಿದವು, ಮುಳ್ಳು ಚುಚ್ಚಿ ಕುಂಯ್‌ಗುಟ್ಟಿದವು, ಮತ್ತೆ ಹಾಕಿದವು, ಕೊನೆಗೆ ಬಂದ ದಾರಿಯಲ್ಲೇ ಹೊರಟುಹೋದವು.

ಸೀಳುನಾಯಿಗಳು ಹೋದ ಮೇಲೆ ಗುಡ್ಡಪ್ಪ ಏದುಸಿರು ಬಿಡುತ್ತ ಬಂದ. "ಆಹಾ, ಎಂಥ ಬೇಲಿ! ಯಾವ ದೇಶದ್ದು ಜಂಬಯ್ಯ?"

ಜಂಬಯ್ಯ ತಲೆ ತಗ್ಗಿಸಿ ಮೋಟು ಬಾಲ ನೆಕ್ಕುತ್ತಿದ್ದ.

"ಇದೇ ಕಾಡಿಂದು ಸ್ವಾಮಿ," ಎಂದಳು ಕಂಟಮ್ಮ. "ನೀವೇ ಮೂರು ಸಲ ಫೇಲ್ ಮಾಡಿದ್ದು."

ಗುಡ್ಡಪ್ಪ ಕಿವಿ ಬೀಸಿಕೊಂಡ. "ಹಾಗಾದರೆ... ಇನ್ನೊಂದು ಸಲ ಪರೀಕ್ಷೆ ಇಡೋಣ."

ಬೊಟ್ಟಮ್ಮ ತನ್ನ ಮರಿಯನ್ನು ಅವನ ಮುಂದೆ ತಂದು ನಿಲ್ಲಿಸಿದಳು.

"ಆಯ್ತಲ್ಲ ಸ್ವಾಮಿ, ಈಗಷ್ಟೇ."

ನೀತಿ: ನಮ್ಮವರು ಮಾಡಿದ್ದನ್ನು ನೂರು ಸಲ ಒರೆಗೆ ಹಚ್ಚಿ, ಹೊರಗಿನಿಂದ ಬಂದದ್ದನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಬಾರದು. ಎರಡಕ್ಕೂ ಒಂದೇ ಪರೀಕ್ಷೆ ಇರಬೇಕು, ಅದೂ ಶತ್ರು ಬರುವ ಮೊದಲೇ ಮುಗಿಯಬೇಕು.